ಬದನೆಕಾಯಿಯ ಮೈಮೇಲೆ ಒಂದು ಕಿಟಕಿ

ಅಡುಗೆಮನೆ ಕಟ್ಟೆಯ ಮೇಲೆ, ಕಿಟಕಿಯ ಹತ್ತಿರ, ಒಂದು ನೇರಳೆ ಬದನೆಕಾಯಿ ಇಟ್ಟು ನೋಡಿ. ಅದರ ಮೈಮೇಲೆ ಬೆಳ್ಳಗೆ ಹೊಳೆಯುವ ಒಂದು ಮಚ್ಚೆ ಇರುತ್ತದಲ್ಲ, ಅದನ್ನು ಹತ್ತಿರದಿಂದ ನೋಡಿ. ಅದು ಸುಮ್ನೆ ಒಂದು ಮಚ್ಚೆ ಅಲ್ಲ. ಅದು ನಿಮ್ಮ ಮನೆಯ ಕಿಟಕಿ. ಚೌಕಟ್ಟು ಬಾಗಿದೆ, ಸರಳುಗಳು ಕೂದಲೆಳೆಯಷ್ಟು ಸಣ್ಣಗಾಗಿವೆ. ಆದರೂ ಎಲ್ಲವೂ ಅಲ್ಲಿದೆ.

ಎಷ್ಟೋ ವರ್ಷಗಳಿಂದ ಬದನೆಕಾಯಿ ಹೆಚ್ಚುತ್ತಿದ್ದ ನನಗೆ ಈ ಕಿಟಕಿ ಕಂಡದ್ದು, ಕಂಪ್ಯೂಟರಿನಲ್ಲಿ ಬದನೆಕಾಯಿಯ ಚಿತ್ರ ಬರೆಯಲು ಕೂತ ದಿನ. ಫೋಟೊದಂತೆ ಕಾಣಬೇಕು, ಆದರೆ ಫೋಟೊ ಆಗಿರಬಾರದು. ಇಂಕ್‌ಸ್ಕೇಪ್ ಎಂಬ ಉಚಿತ ವೆಕ್ಟರ್ ತಂತ್ರಾಂಶದಲ್ಲಿ ಒಂದೊಂದೇ ಗೆರೆ ಎಳೆದು, ಒಂದೊಂದೇ ಬಣ್ಣ ತುಂಬಿ ಕಟ್ಟಬೇಕು. ಹೊರಗೆರೆ ಹತ್ತು ನಿಮಿಷಕ್ಕೆ ಮುಗಿಯಿತು. ಉಳಿದ ಕೆಲಸಕ್ಕೆ ನಾಲ್ಕು ಸಂಜೆ ಬೇಕಾಯಿತು. ಆ ನಾಲ್ಕು ಸಂಜೆ ನಾನು ತಂತ್ರಾಂಶಕ್ಕಿಂತ ಜಾಸ್ತಿ ಕಲಿತದ್ದು ಬೆಳಕಿನ ಬಗ್ಗೆ, ಆಮೇಲೆ ನಮ್ಮ ಕಣ್ಣಿನ ಬಗ್ಗೆ.

ಮೊದಲು ವೆಕ್ಟರ್ ಎಂದರೇನು ಅಂತ ನೋಡೋಣ. ವಾಟ್ಸಾಪ್‌ನಲ್ಲಿ ಬಂದ ಫೋಟೊವನ್ನು ಫ್ಲೆಕ್ಸ್ ಅಂಗಡಿಗೆ ಕೊಟ್ಟು ಇಪ್ಪತ್ತು ಅಡಿ ಬ್ಯಾನರ್ ಮಾಡಿಸಿದರೆ ಮುಖವೆಲ್ಲ ಚೌಕಚೌಕವಾಗಿ ಒಡೆದುಹೋಗುತ್ತದೆ. ಅದೇ ಬ್ಯಾನರಿನ ಮೇಲಿನ ಕನ್ನಡ ಅಕ್ಷರಗಳು ಮಾತ್ರ ಅಂಚು ಕೆಡದೆ ನಿಂತಿರುತ್ತವೆ. ಫೋಟೊ ಪಿಕ್ಸೆಲ್‌ಗಳ ರಾಶಿ. ಅದನ್ನು ಹಿಗ್ಗಿಸಿದರೆ ಪಿಕ್ಸೆಲ್ಲೂ ಹಿಗ್ಗುತ್ತದೆ. ಅಕ್ಷರ ಹಾಗಲ್ಲ. ಅದು ಕೆಲವು ಬಿಂದುಗಳು ಮತ್ತು ಅವುಗಳ ನಡುವೆ ಗೆರೆ ಹೇಗೆ ಬಾಗಬೇಕು ಎಂಬ ಲೆಕ್ಕ. ಎಷ್ಟು ದೊಡ್ಡದಾಗಿ ಬೇಕೋ ಅಷ್ಟಕ್ಕೆ ಕಂಪ್ಯೂಟರು ಆ ಲೆಕ್ಕವನ್ನು ಹೊಸದಾಗಿ ಮಾಡುತ್ತದೆ. ಡಿಟಿಪಿ ಕೆಲಸದವರು ಕೋರೆಲ್‌ಡ್ರಾದಲ್ಲಿ ದಿನವೂ ಎಳೆದಾಡುವ ನೋಡ್ (ಗೆರೆಯ ತುದಿಯ ಬಿಂದು) ಮತ್ತು ಗೆರೆಯನ್ನು ಬಾಗಿಸುವ ಹ್ಯಾಂಡಲ್‌ಗಳು ಇವೇ.

ಆ ಲೆಕ್ಕ ತುಂಬಾ ಸರಳ. ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ನಾಲ್ಕು ಬಿಂದು ಹಾಕಿ: (0,0), (0,8), (8,8), (8,0). ಮೊದಲನೆಯದು ಮತ್ತು ಕೊನೆಯದು ನೋಡ್‌ಗಳು. ನಡುವಿನ ಎರಡು ಹ್ಯಾಂಡಲ್‌ಗಳ ತುದಿ. ಈಗ ಪಕ್ಕಪಕ್ಕದ ಬಿಂದುಗಳ ಸರಿಮಧ್ಯ ಗುರುತಿಸಿ. (0,4), (4,8), (8,4) ಎಂದು ಮೂರು ಸಿಗುತ್ತವೆ. ಆ ಮೂರರ ನಡುವಿನ ಮಧ್ಯಬಿಂದು ಹಿಡಿದರೆ (2,6), (6,6). ಈ ಎರಡರ ಮಧ್ಯ (4,6). ನಿಮ್ಮ ಬಾಗಿದ ಗೆರೆ ಸರಿಯಾಗಿ ಈ ಬಿಂದುವಿನ ಮೂಲಕವೇ ಹಾದುಹೋಗುತ್ತದೆ. ಅರ್ಧಕ್ಕೆ ಬದಲು ಕಾಲುಭಾಗದಲ್ಲಿ, ಮುಕ್ಕಾಲು ಭಾಗದಲ್ಲಿ ಇದೇ ಆಟ ಆಡಿದರೆ ಗೆರೆಯ ಇನ್ನಷ್ಟು ಬಿಂದುಗಳು ಸಿಗುತ್ತವೆ. ಸೇರಿಸಿ ನೋಡಿ, ಕಮಾನು ಮೂಡುತ್ತದೆ. ಮಕ್ಕಳ ಜೊತೆ ಕೂತು ಮಾಡಲು ಇದಕ್ಕಿಂತ ಚೆಂದದ ಜ್ಯಾಮಿತಿ ನನಗೆ ಗೊತ್ತಿಲ್ಲ.

ಈ ಉಪಾಯ ಹುಟ್ಟಿದ್ದು ಕಾರು ಕಾರ್ಖಾನೆಯಲ್ಲಿ. ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯಲ್ಲಿದ್ದ ಪಾಲ್ ದ ಕ್ಯಾಸ್ಟೆಲ್‌ಜೊ 1959ರಲ್ಲಿ ಇದನ್ನು ಕಂಡುಕೊಂಡರು. ಕಾರಿನ ಬಾಗಿದ ಮೈಯನ್ನು ಅಂಕಿಗಳಲ್ಲಿ ಹೇಳುವ ದಾರಿ ಬೇಕಾಗಿತ್ತು. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ಅಷ್ಟರಲ್ಲಿ ಎದುರಾಳಿ ಕಂಪನಿ ರೆನೊದಲ್ಲಿದ್ದ ಪಿಯೆರ್ ಬೆಜಿಯೆ ಅದೇ ಗೆರೆಯನ್ನು ತಮ್ಮದೇ ದಾರಿಯಲ್ಲಿ ಮುಟ್ಟಿ, 1960ರ ದಶಕದಲ್ಲಿ ಪ್ರಕಟಿಸಿದರು. ಹಾಗಾಗಿ ಗೆರೆಗೆ ಬೆಜಿಯೆ ಹೆಸರು ನಿಂತಿತು. ಮಧ್ಯಬಿಂದು ಹಿಡಿಯುವ ವಿಧಾನಕ್ಕೆ ಮಾತ್ರ ದ ಕ್ಯಾಸ್ಟೆಲ್‌ಜೊ ಹೆಸರು ಉಳಿದಿದೆ. 1980ರ ದಶಕದಲ್ಲಿ ಮುದ್ರಕಕ್ಕೆ ಪುಟವನ್ನು ವಿವರಿಸುವ ಅಡೋಬಿ ಕಂಪನಿಯ ಭಾಷೆ ಪೋಸ್ಟ್‌ಸ್ಕ್ರಿಪ್ಟ್ ಮೂಲಕ ಇದು ಮುದ್ರಣಕ್ಕೆ ಬಂತು. 1987ರಲ್ಲಿ ಇಲ್ಲಸ್ಟ್ರೇಟರ್, 1989ರಲ್ಲಿ ಕೋರೆಲ್‌ಡ್ರಾ, 2003ರಲ್ಲಿ ಇಂಕ್‌ಸ್ಕೇಪ್ ಬಂದವು.

ಒಂದು ಸ್ವಾರಸ್ಯ ಹೇಳದೆ ಮುಂದೆ ಹೋಗಲಾರೆ. ಬೆಜಿಯೆ ಗೆರೆಯಿಂದ ಪಕ್ಕಾ ವೃತ್ತ ಬರೆಯಲು ಆಗುವುದೇ ಇಲ್ಲ. ನಾಲ್ಕು ತುಂಡು ಜೋಡಿಸಿ, ಹ್ಯಾಂಡಲ್ ಉದ್ದವನ್ನು ತ್ರಿಜ್ಯದ 0.5523 ಪಟ್ಟು ಇಟ್ಟರೆ ವೃತ್ತಕ್ಕೆ ತೀರಾ ಹತ್ತಿರ ಬರುತ್ತದೆ, ಅಷ್ಟೇ. ಒಂದು ಮೀಟರ್ ತ್ರಿಜ್ಯದ ದೊಡ್ಡ ವೃತ್ತದಲ್ಲಿ ತಪ್ಪು ಹೆಚ್ಚೆಂದರೆ 0.27 ಮಿಲಿಮೀಟರ್. ಬ್ಯಾನರಿನ ಮೇಲೆ ಅದನ್ನು ಯಾರೂ ಹಿಡಿಯಲಾರರು.

ಸರಿ, ಹೊರಗೆರೆ ಆಯಿತು. ಒಳಗೆ ನೇರಳೆ ತುಂಬಿದೆ. ಬದನೆಕಾಯಿ ಆಯಿತಾ? ಇಲ್ಲ. ಒಂದನೇ ತರಗತಿಯ ಪುಸ್ತಕದಲ್ಲಿ ಅಂಟಿಸುವ ಸ್ಟಿಕ್ಕರ್ ಆಯಿತು. ಅದು ಬದನೆಕಾಯಿ ಅಂತ ಗೊತ್ತಾಗುತ್ತದೆ, ಆದರೆ ಕೈ ಹಾಕಿ ಎತ್ತಿಕೊಳ್ಳೋಣ ಅನ್ನಿಸುವುದಿಲ್ಲ. ಕ್ಯಾಮೆರಾಕ್ಕೆ ಬೆಳಕು ತಾನಾಗಿ ಬಂದು ಬೀಳುತ್ತದೆ. ವೆಕ್ಟರ್ ಚಿತ್ರಕ್ಕೆ ಏನೂ ತಾನಾಗಿ ಬರುವುದಿಲ್ಲ. ಬೆಳಕು ಎಲ್ಲಿಂದ ಬಂತು, ಎಲ್ಲಿ ಬಡಿಯಿತು, ಎಲ್ಲಿ ತಿರುಗಿತು ಎಂಬುದನ್ನು ನಾವೇ ತಿಳಿದು ಇಡಬೇಕು. ನನ್ನ ಮಟ್ಟಿಗೆ ಈ ಕೆಲಸದ ದೊಡ್ಡ ಸುಖ ಇದೇ.

ನಾನು ಬದನೆಕಾಯಿಯ ಒಂದು ಫೋಟೊ ತೆಗೆದು, ತಂತ್ರಾಂಶದ ಡ್ರಾಪರ್ ಎಂಬ ಸಲಕರಣೆ ಇಟ್ಟು ಒಂದೊಂದು ಜಾಗದ ಬಣ್ಣ ಅಳೆದೆ. ನಾನು ನೇರಳೆ ಅಂದುಕೊಂಡಿದ್ದ ಕಾಯಿಯ ಮುಕ್ಕಾಲು ಭಾಗ ಹೆಚ್ಚುಕಡಿಮೆ ಕಪ್ಪು. ನಿಜವಾದ ನೇರಳೆ ಇದ್ದದ್ದು ತೊಟ್ಟಿನ ಕೆಳಗೆ ಮತ್ತು ಬೆಳಕಿಗೆ ಮುಖ ಮಾಡಿದ ಒಂದು ಪಟ್ಟಿಯಲ್ಲಿ ಮಾತ್ರ. ಮೈಮೇಲಿನ ಕಿಟಕಿಯಲ್ಲಿ ನೇರಳೆಯ ಸುಳಿವೂ ಇರಲಿಲ್ಲ. ಅದು ಆಕಾಶದ ತೆಳು ನೀಲಿ ಬೆರೆತ ಬಿಳಿ.

ಇದಕ್ಕೆ ಕಾರಣ ಇದೆ. ಬದನೆಕಾಯಿಗೆ ಬಿದ್ದ ಬೆಳಕು ಎರಡು ದಾರಿ ಹಿಡಿಯುತ್ತದೆ. ಒಂದು ಭಾಗ ಸಿಪ್ಪೆಯ ಒಳಗೆ ಹೋಗಿ, ಅಲ್ಲಿನ ಬಣ್ಣದ ಕಣಗಳಿಗೆ ಸಿಕ್ಕಿ, ನೇರಳೆಯಷ್ಟೇ ಉಳಿದು ಎಲ್ಲ ಕಡೆಗೂ ಚೆದುರುತ್ತದೆ. ಇನ್ನೊಂದು ಭಾಗ ಒಳಗೆ ಹೋಗುವುದೇ ಇಲ್ಲ. ಮೇಣದಂಥ ನುಣುಪು ಮೈಯಿಂದಲೇ ಕನ್ನಡಿಯಲ್ಲಿ ತಿರುಗಿದಂತೆ ತಿರುಗಿಬಿಡುತ್ತದೆ. ಬಣ್ಣದ ಕಣಗಳನ್ನು ಮುಟ್ಟಿಯೇ ಇಲ್ಲವಾದ್ದರಿಂದ ಅದು ತಾನು ಬಂದ ಬಣ್ಣದಲ್ಲೇ ಹೋಗುತ್ತದೆ. ಬದನೆಕಾಯಿ, ಟೊಮೆಟೊ, ಪ್ಲಾಸ್ಟಿಕ್ ಬಕೆಟ್ಟು, ಎಲ್ಲದರ ಹೊಳಪೂ ಅದಕ್ಕೇ ಬಿಳಿ. ಹೊಸಬರು ಟೊಮೆಟೊ ಬರೆಯುವಾಗ ಹೊಳಪಿಗೆ ತಿಳಿ ಕೆಂಪು ಹಾಕುತ್ತಾರೆ. ಹಾಕಿದ ಕೂಡಲೇ ಟೊಮೆಟೊ ರಬ್ಬರ್ ಚೆಂಡಿನಂತಾಗುತ್ತದೆ.

ಈ ಕನ್ನಡಿ ಎಲ್ಲ ಕಡೆ ಒಂದೇ ಸಮ ಇಲ್ಲ. ಗಾಜಿಗೆ ಬೆಳಕು ನೇರವಾಗಿ ಬಿದ್ದರೆ ಮೇಲ್ಮೈಯಿಂದ ತಿರುಗುವುದು ನೂರಕ್ಕೆ ಸುಮಾರು ನಾಲ್ಕು ಭಾಗ. ಬೆಳಕು ಓರೆಯಾದಷ್ಟೂ ಈ ಪಾಲು ಏರುತ್ತದೆ, ಕೊನೆಗೆ ಹೆಚ್ಚುಕಡಿಮೆ ಪೂರ್ತಿ ಕನ್ನಡಿಯೇ ಆಗುತ್ತದೆ. ಈ ಲೆಕ್ಕ ಕೊಟ್ಟವರು ಫ್ರೆಂಚ್ ವಿಜ್ಞಾನಿ ಫ್ರೆನೆಲ್. ಕೆರೆಯ ದಡದಲ್ಲಿ ನಿಂತಾಗ ಕಾಲ ಬುಡದ ನೀರಿನಲ್ಲಿ ತಳ ಕಾಣುತ್ತದೆ, ದೂರದ ನೀರಿನಲ್ಲಿ ಆಕಾಶ ಕಾಣುತ್ತದೆ ಅಲ್ವಾ, ಅದೂ ಇದೇ. ಬದನೆಕಾಯಿಯ ನಡುಭಾಗ ನಮ್ಮ ಕಡೆಗೆ ನೇರ ಮುಖ ಮಾಡಿದೆ. ಅಂಚು ನಮ್ಮಿಂದ ಓರೆಯಾಗಿ ತಿರುಗಿದೆ. ಹಾಗಾಗಿ ಕಪ್ಪು ಮೈಯ ಕೊನೆಯ ಅಂಚಿನಲ್ಲಿ ಪಕ್ಕದ ಗೋಡೆಯ ಬೆಳಕು ತೆಳುವಾದ ಗೆರೆಯಾಗಿ ಮಿನುಗುತ್ತದೆ. ಆ ಗೆರೆ ಹಾಕಿದ ಕ್ಷಣ ನನ್ನ ಚಿತ್ರದ ಕಾಯಿಗೆ ಮೈ ತುಂಬಿತು.

ಬಣ್ಣ ಒಂದರಿಂದ ಇನ್ನೊಂದಕ್ಕೆ ನಯವಾಗಿ ಜಾರಬೇಕು. ಅದಕ್ಕೆ ಗ್ರೇಡಿಯೆಂಟ್ ಇದೆ. ಆದರೆ ಸಾಮಾನ್ಯ ಗ್ರೇಡಿಯೆಂಟ್ ಒಂದು ಗೆರೆಯುದ್ದಕ್ಕೆ ಇಲ್ಲವೇ ಒಂದು ವೃತ್ತದ ಸುತ್ತ ಮಾತ್ರ ಬದಲಾಗುತ್ತದೆ. ಬದನೆಕಾಯಿ ಹಾಗೆ ಬಾಗಿಲ್ಲ. ಇಲ್ಲಿ ನೆರವಿಗೆ ಬರುವುದು ಗ್ರೇಡಿಯೆಂಟ್ ಮೆಶ್. 1998ರಲ್ಲಿ ಇಲ್ಲಸ್ಟ್ರೇಟರಿಗೆ ಬಂತು, ಈಗ ಇಂಕ್‌ಸ್ಕೇಪ್‌ನಲ್ಲೂ ಇದೆ. ಚಿತ್ರದ ಮೇಲೆ ಮೀನಿನ ಬಲೆ ಹಾಸಿದಂತೆ ಅಂದುಕೊಳ್ಳಿ. ಬಲೆಯ ಪ್ರತಿ ಗಂಟಿಗೂ ಒಂದು ಬಣ್ಣ ಕೊಡುತ್ತೀರಿ. ನಾಲ್ಕು ಗಂಟುಗಳ ನಡುವಿನ ಕಣ್ಣಿನಲ್ಲಿ ಬಣ್ಣಗಳು ತಾವಾಗಿ ಬೆರೆಯುತ್ತವೆ. ನಾಲ್ಕು ಬಾಗಿದ ಅಂಚುಗಳ ನಡುವೆ ಹೀಗೆ ತುಂಬುವ ಗಣಿತವನ್ನು 1960ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ಸ್ಟೀವನ್ ಕೂನ್ಸ್ ರೂಪಿಸಿದರು. ಬಲೆಯ ಎಳೆಗಳನ್ನು ನೆಟ್ಟಗೆ ಎಳೆಯಬೇಡಿ. ಕಾಯಿಯ ಉದ್ದಕ್ಕೂ ಅಡ್ಡಕ್ಕೂ ಮೈ ಹೇಗೆ ಬಾಗಿದೆಯೋ ಹಾಗೇ ಬಾಗಿಸಿ. ಗಂಟುಗಳು ಕಡಿಮೆ ಇದ್ದಷ್ಟೂ ಮೈ ನುಣುಪು. ನಾನು ಮೊದಲು ನೂರಾರು ಗಂಟು ಹಾಕಿದ್ದೆ. ಕಾಯಿ ಬಾಡಿದಂತೆ ಕಂಡಿತು. ಎಲ್ಲ ಅಳಿಸಿ ಮೂವತ್ತಕ್ಕೆ ಇಳಿಸಿದೆ.

ಇಷ್ಟಾದರೂ ಒಂದು ಕಾಟ ಉಳಿಯಿತು. ಕತ್ತಲೆ ಭಾಗ ಮುಗಿದು ತಿಳಿ ಭಾಗ ಶುರುವಾಗುವಲ್ಲಿ ಒಂದು ಬೆಳ್ಳನೆ ಗೆರೆ ಕಾಣುತ್ತಿತ್ತು. ನಾನು ಹಾಕಿದ್ದಲ್ಲ. ಡ್ರಾಪರ್ ಇಟ್ಟರೆ ಅಲ್ಲಿ ಗೆರೆಯೇ ಇಲ್ಲ! ಗೆರೆ ಇದ್ದದ್ದು ನನ್ನ ಕಣ್ಣಿನಲ್ಲಿ. 1865ರಲ್ಲೇ ಆಸ್ಟ್ರಿಯಾದ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್ ಇದನ್ನು ವಿವರಿಸಿದ್ದರು, ಮಾಖ್ ಪಟ್ಟೆಗಳು ಅಂತಲೇ ಇವಕ್ಕೆ ಹೆಸರು. ಕಣ್ಣಿನ ಅಕ್ಷಿಪಟಲದ ಜೀವಕೋಶಗಳು ಬೆಳಕು ಬಿದ್ದಾಗ ಅಕ್ಕಪಕ್ಕದವನ್ನು ಸ್ವಲ್ಪ ತಗ್ಗಿಸುತ್ತವೆ. ಇದರಿಂದ ವಸ್ತುಗಳ ಅಂಚು ನಮಗೆ ಎದ್ದು ಕಾಣುತ್ತದೆ. ಏರುತ್ತಿದ್ದ ಬೆಳಕು ಥಟ್ಟನೆ ಸಮವಾದರೆ ಆ ತಿರುವನ್ನೂ ಕಣ್ಣು ಅಂಚು ಅಂತಲೇ ಎತ್ತಿ ತೋರಿಸುತ್ತದೆ. ಇದಕ್ಕೆ ಮದ್ದು ಎಂದರೆ ತಿರುವಿನ ಆಚೀಚೆ ಇನ್ನೆರಡು ಬಣ್ಣ ಸೇರಿಸಿ ಏರನ್ನು ಮೆಲ್ಲಗೆ ಬಾಗಿಸುವುದು. ಸೈಕಲ್ ಇಳಿಜಾರಿನಿಂದ ಸಮತಟ್ಟು ರಸ್ತೆಗೆ ಕುಲುಕದೆ ಇಳಿಯುವಂತೆ.

ಇನ್ನೊಂದು ಬಗೆಯ ಪಟ್ಟೆಗಳು ಮಾತ್ರ ಕಣ್ಣಿನದಲ್ಲ, ಕಂಪ್ಯೂಟರಿನದು. ಸಾಮಾನ್ಯ ಪರದೆಯಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲು. ಬದನೆಕಾಯಿಯ ಕಪ್ಪು ನೇರಳೆ 20ರಿಂದ 50ಕ್ಕೆ ಏರಿದರೆ ಸಿಗುವುದು ಬರೀ 30 ಮೆಟ್ಟಿಲು. ಅದನ್ನು 3000 ಪಿಕ್ಸೆಲ್ ಅಗಲಕ್ಕೆ ಹರಡಿದರೆ ಒಂದೊಂದು ಮೆಟ್ಟಿಲೂ ನೂರು ಪಿಕ್ಸೆಲ್. ಕಣ್ಣಿಗೆ ಬೀಳದೆ ಇರುತ್ತದಾ? ಮೇಲೆ ಮರಳು ಚೆಲ್ಲಿದಂತೆ ಚೂರು ಒರಟು ಬೆರೆಸಿದರೆ ಮೆಟ್ಟಿಲುಗಳು ಕರಗುತ್ತವೆ. ನಿಜವಾದ ಸಿಪ್ಪೆಯೂ ಅಷ್ಟೊಂದು ನಯವಾಗಿರುವುದಿಲ್ಲ ಬಿಡಿ.

ಬೆಳಕು ಎಡಗಡೆಯ ಮೇಲಿನಿಂದ ಬರುತ್ತದೆ ಅಂತ ನಾನು ತೀರ್ಮಾನಿಸಿದ್ದೆ. ಮೇಲಿನಿಂದ ಎಂಬುದು ನನ್ನೊಬ್ಬನ ಆಯ್ಕೆಯಲ್ಲ. ಮನುಷ್ಯರ ಮಿದುಳು ಸೂರ್ಯ ತಲೆಯ ಮೇಲಿದ್ದಾನೆ ಅಂತ ಮೊದಲೇ ಅಂದುಕೊಂಡಿರುತ್ತದೆ. ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1988ರಲ್ಲಿ ಬಹಳ ಸರಳ ಚಿತ್ರಗಳಿಂದ ಇದನ್ನು ತೋರಿಸಿದರು. ಮೇಲೆ ಬಿಳಿ, ಕೆಳಗೆ ಕಪ್ಪು ಇರುವ ಬಿಲ್ಲೆ ಉಬ್ಬಾಗಿ ಕಾಣುತ್ತದೆ. ಅದನ್ನೇ ತಲೆಕೆಳಗು ಮಾಡಿದರೆ ಗುಂಡಿ. ನೀವೇ ಎರಡು ವೃತ್ತಕ್ಕೆ ಗ್ರೇಡಿಯೆಂಟ್ ತುಂಬಿ ನೋಡಬಹುದು, ಎರಡು ನಿಮಿಷದ ಕೆಲಸ.

ಕೊನೆಗೆ ನೆರಳು. ನೆರಳಿಲ್ಲದ ಬದನೆಕಾಯಿ ಗಾಳಿಯಲ್ಲಿ ತೇಲುತ್ತದೆ. ನೆರಳಿಗೆ ಬೂದು ಬಣ್ಣ ಬಳಿದರೆ ಕಟ್ಟೆಯ ಬಣ್ಣ ಮುಚ್ಚಿಹೋಗಿ ಧೂಳು ಕೂತಂತೆ ಕಾಣುತ್ತದೆ. ನೆರಳು ಎಂದರೆ ಬಣ್ಣ ಅಲ್ಲ, ಬೆಳಕಿನ ಕಡಿತ. ನೂರು ಬೀಳುವಲ್ಲಿ ಮೂವತ್ತು ಬಿದ್ದರೆ ಕೆಂಪು ನೆಲ ಕಡು ಕೆಂಪಾಗುತ್ತದೆ, ಹಸಿರು ಕಡು ಹಸಿರಾಗುತ್ತದೆ. ಅಂದರೆ ಗುಣಾಕಾರ. ತಂತ್ರಾಂಶದ ಮಲ್ಟಿಪ್ಲೈ ಮೋಡ್ ಮಾಡುವುದು ಅದನ್ನೇ.

ನೆರಳಿನ ಅಂಚೂ ಎಲ್ಲ ಕಡೆ ಒಂದೇ ಥರ ಇರಬಾರದು. ಬಿಸಿಲಿನಲ್ಲಿ ವಿದ್ಯುತ್ ಕಂಬದ ನೆರಳು ನೋಡಿ. ಬುಡದಲ್ಲಿ ಚೂಪು, ತುದಿಯಲ್ಲಿ ಮಸುಕು. ಸೂರ್ಯ ಚುಕ್ಕೆಯಲ್ಲ, ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ನಡುಮಧ್ಯಾಹ್ನ ಒಂದು ಮೀಟರ್ ಮೇಲಿರುವ ವಸ್ತುವಿನ ನೆರಳಿಗೆ ಸುಮಾರು 9 ಮಿಲಿಮೀಟರ್ ಮಸುಕು ಅಂಚು. ಎರಡು ಮೀಟರ್ ಎತ್ತರದಲ್ಲಿ ಕಟ್ಟಿದ ಬಟ್ಟೆ ಹಗ್ಗದ ನೆರಳು ನೆಲದ ಮೇಲೆ ಗೆರೆಯಾಗಿ ಬೀಳದೆ ಮಬ್ಬು ಪಟ್ಟೆಯಾಗಿ ಬೀಳುವುದು ಇದಕ್ಕೇ. ಅಡುಗೆಮನೆಯ ಕಿಟಕಿಯಂತೂ ಸೂರ್ಯನಿಗಿಂತ ಎಷ್ಟೋ ಅಗಲವಾದ ದೀಪ. ಅದರ ನೆರಳು ಬೇಗ ಕರಗುತ್ತದೆ. ಕಾಯಿ ಕಟ್ಟೆಗೆ ತಾಗುವಲ್ಲಿ ಮಾತ್ರ ಒಂದು ಸಣ್ಣ, ದಟ್ಟ ಕಪ್ಪು ಗೆರೆ. ಅಲ್ಲಿಂದ ದೂರ ಹೋದಂತೆ ಬ್ಲರ್ ಜಾಸ್ತಿ. ಮೂರು ಲೇಯರ್ ನೆರಳು, ಮೂರಕ್ಕೂ ಬೇರೆ ಬೇರೆ ಬ್ಲರ್ ಕೊಟ್ಟೆ.

ನಾಲ್ಕನೇ ಸಂಜೆ ಬದನೆಕಾಯಿಯ ಪಕ್ಕ ಒಂದು ಹಿತ್ತಾಳೆ ಚೊಂಬು ಇಟ್ಟೆ. ಅಲ್ಲಿ ಬೆಳಕಿನ ನಿಯಮ ಬೇರೆ. ಲೋಹದ ಒಳಗೆ ಬೆಳಕು ಇಳಿಯಲಾರದು, ಮೈಯಿಂದಲೇ ತಿರುಗುತ್ತದೆ, ತಿರುಗುವಾಗ ನೀಲಿಯನ್ನು ಕಳೆದುಕೊಂಡು ಹಳದಿಯಾಗುತ್ತದೆ. ಹಾಗಾಗಿ ಚೊಂಬಿನ ಮೇಲೆ ಅದೇ ಕಿಟಕಿ ಬಿಳಿಯಾಗಿಲ್ಲ, ಬಂಗಾರದ ಬಣ್ಣದಲ್ಲಿದೆ. ಉಳಿದ ಮೈಯೆಲ್ಲ ಕಟ್ಟೆ, ಗೋಡೆ, ಒಲೆ, ಮೇಲಿನ ಶೆಲ್ಫು ಸೇರಿದ ಚೂಪು ಚೂಪಾದ ಪಟ್ಟೆಗಳು. ಚೊಂಬಿಗೆ ಮೆಶ್ ಬೇಕಾಗಲೇ ಇಲ್ಲ, ಗಟ್ಟಿ ಅಂಚಿನ ಹನ್ನೆರಡು ಆಕಾರ ಸಾಕಾದವು. ಹದಿಮೂರನೆಯದನ್ನು ಕೊನೆಗೆ ಹಾಕಿದೆ. ಚೊಂಬಿನ ಹೊಟ್ಟೆಯ ಬಲಗಡೆ, ಬಿಲ್ಲಿನಂತೆ ಬಾಗಿದ ಕಂದು ಮಿಶ್ರಿತ ನೇರಳೆ ಪಟ್ಟಿ. ಅದು ಬದನೆಕಾಯಿಯ ಬಿಂಬ. ಅದಕ್ಕೆ ಬೇಕಾದದ್ದು ನಾಲ್ಕೇ ನೋಡ್.