ಭತ್ತದ ಚೀಲ ಬ್ಲಾಗ್ ಪೋಸ್ಟ್ ಅಲ್ಲ

ಫೋನ್ ಬಂದರೆ ಮೊದಲ ಪ್ರಶ್ನೆ ಬಹುತೇಕ ಒಂದೇ: "ಸರ್, ವರ್ಡ್‌ಪ್ರೆಸ್‌ನಲ್ಲಿ ಮಾಡಿ ಕೊಡ್ತೀರಾ?" ರಾಯಚೂರು, ಸಿಂಧನೂರು, ಗಂಗಾವತಿ ಕಡೆಯ ಮಿಲ್ಲಿನವರು, ದಲಾಲಿ ಅಂಗಡಿಯವರು, ಹಾಸ್ಟೆಲ್ ನಡೆಸುವವರು ಎಲ್ಲರಿಗೂ ವೆಬ್‌ಸೈಟ್ ಕಟ್ಟುವ ಆ ಸಾಫ್ಟ್‌ವೇರಿನ ಹೆಸರು ಗೊತ್ತು. ಏನು ಮಾಡಿಕೊಡಬೇಕು ಅಂತ ತಿರುಗಿ ಕೇಳಿದರೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಅವರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ನಾನೂ ಹಾಗೇ ಮಾಡಿ ಕೈ ಸುಟ್ಟುಕೊಂಡವನು.

ಕೆಲವು ವರ್ಷಗಳ ಹಿಂದೆ ಒಂದು ಅಕ್ಕಿ ಮಿಲ್ಲಿಗೆ ಭತ್ತ ಖರೀದಿಯ ಲೆಕ್ಕವನ್ನು ವರ್ಡ್‌ಪ್ರೆಸ್ ಮೇಲೆ ಕಟ್ಟಿಕೊಟ್ಟೆ. ಅವರ ವೆಬ್‌ಸೈಟ್ ಆಗಲೇ ಅದರಲ್ಲಿತ್ತು. ಇದನ್ನೂ ಅಲ್ಲೇ ಸೇರಿಸಿದರಾಯಿತು ಅಂದುಕೊಂಡೆ. ವರ್ಡ್‌ಪ್ರೆಸ್‌ನಲ್ಲಿ ಕಸ್ಟಮ್ ಪೋಸ್ಟ್ ಟೈಪ್, ಅಂದರೆ ಲೇಖನದ ಬದಲು ನಮಗೆ ಬೇಕಾದ ಬಗೆಯ ದಾಖಲೆ ಮಾಡಿಕೊಳ್ಳುವ ಸೌಲಭ್ಯ, 2010ರಿಂದಲೂ ಸಲೀಸಾಗಿ ಸಿಗುತ್ತದೆ. ಒಂದೊಂದು ಖರೀದಿಯೂ ಒಂದೊಂದು "ಪೋಸ್ಟ್". ರೈತರ ಹೆಸರು, ಊರು, ಗಾಡಿ ನಂಬರು, ಚೀಲ, ತೂಕ, ತೇವ, ದರ, ಹಮಾಲಿ ಎಲ್ಲ ಸೇರಿ ಇಪ್ಪತ್ತು ಕಾಲಂ. ಮೂರು ವಾರದಲ್ಲಿ ಕೆಲಸ ಮುಗಿಯಿತು. ಸಾವ್ಕಾರ್ರು ಖುಷಿಯಾದರು. ಆಮೇಲೆ ಸುಗ್ಗಿ ಬಂತು.

ಇಲ್ಲಿ ಸ್ವಲ್ಪ ಒಳಗೆ ಇಣುಕಿ ನೋಡಬೇಕು. ವರ್ಡ್‌ಪ್ರೆಸ್ 2003ರಲ್ಲಿ ಬ್ಲಾಗ್ ಬರೆಯುವವರಿಗಾಗಿ ಹುಟ್ಟಿದ್ದು. ಮಾಹಿತಿ ಕೂಡಿಡುವ ಅದರ ಡೇಟಾಬೇಸಿನಲ್ಲಿ ಲೇಖನಕ್ಕೆ ಒಂದು ಟೇಬಲ್, ಅಂದರೆ ಕೋಷ್ಟಕ, ಇದೆ. ಅದರ ಜೊತೆಗಿನ ಹೆಚ್ಚುವರಿ ವಿವರ ಏನಿದ್ದರೂ ಪೋಸ್ಟ್‌ಮೆಟಾ ಅನ್ನುವ ಇನ್ನೊಂದು ಟೇಬಲ್ಲಿಗೆ ಹೋಗುತ್ತದೆ, ಅದೂ ಒಂದು ವಿವರಕ್ಕೆ ಒಂದು ಸಾಲಿನಂತೆ. ನನ್ನ ಇಪ್ಪತ್ತು ಕಾಲಂ ಅಲ್ಲಿ ಇಪ್ಪತ್ತು ಸಾಲು. ದಿನಕ್ಕೆ ಅರವತ್ತು ಗಾಡಿ ಬಂದರೆ 1,200 ಸಾಲು. ಅದಕ್ಕಿಂತ ಕೆಟ್ಟದ್ದು ಏನೆಂದರೆ, ಆ ಟೇಬಲ್ಲಿನಲ್ಲಿ ವಿವರದ ಮೌಲ್ಯ ತುಂಬುವ ಕಾಲಂ ಇರುವುದು ಉದ್ದ ಬರಹಕ್ಕೆ. ತೂಕವೂ ಬರಹ, ದರವೂ ಬರಹ. ಬರಹ ಅಂತ ಹೋಲಿಸಿದರೆ 100 ಚೀಲಕ್ಕಿಂತ 75 ಚೀಲ ದೊಡ್ಡದು, ಯಾಕೆಂದರೆ 7 ಅನ್ನುವುದು 1ರ ಮುಂದಿನ ಅಕ್ಷರ! ಸಂಖ್ಯೆ ಅಂತ ತಿಳಿದುಕೋ ಅಂತ ಪ್ರತಿ ಸಲ ಅದಕ್ಕೆ ಹೇಳಿಕೊಡಬೇಕು. ಒಂದು ಕಡೆ ಹೇಳಲು ಮರೆತಿದ್ದೆ. ವರದಿ ತಪ್ಪಾಗಿ ಬಂತು.

ಆ ಮೌಲ್ಯದ ಕಾಲಮ್ಮಿಗೆ ಬೇಗ ಹುಡುಕಲು ನೆರವಾಗುವ ಸೂಚಿ, ಅಂದರೆ ಇಂಡೆಕ್ಸ್, ಕೂಡ ಇರುವುದಿಲ್ಲ. "ಈ ಊರಿನವರು, ಈ ತಳಿ, ಈ ವಾರ, ಹಣ ಬಾಕಿ" ಅಂತ ನಾಲ್ಕು ಶರತ್ತು ಹಾಕಿದರೆ ಡೇಟಾಬೇಸ್ ಅದೇ ಟೇಬಲ್ಲನ್ನು ನಾಲ್ಕು ಸಲ ಜೋಡಿಸಿಕೊಂಡು ಹುಡುಕಬೇಕು. ಎರಡನೇ ಸುಗ್ಗಿ ಮುಗಿಯುವ ಹೊತ್ತಿಗೆ ಬಾಕಿ ಪಟ್ಟಿ ತೆಗೆದರೆ ಪರದೆ ಸುಮ್ನೆ ತಿರುಗುತ್ತಾ ಕೂರುತ್ತಿತ್ತು. ಗುಮಾಸ್ತರು ಮೆಲ್ಲಗೆ ಖಾತೆ ಪುಸ್ತಕಕ್ಕೆ ವಾಪಸ್ ಹೋದರು. ನನಗೆ ಹೇಳಲೂ ಇಲ್ಲ. ಸೋತಿದ್ದೇನೆ ಅಂತ ನನಗೆ ತಿಳಿದದ್ದು ಅವರ ಮೇಜಿನ ಮೇಲೆ ಆ ಪುಸ್ತಕ ಕಂಡಾಗ.

ಇದು ವರ್ಡ್‌ಪ್ರೆಸ್ಸಿನ ತಪ್ಪಲ್ಲ. ಒಬ್ಬರು ಬರೆದು ನೂರು ಜನ ಓದುವ ಪುಟಗಳಿಗೆ, ಅಂದರೆ ಶಾಲೆ, ಮಠ, ಅಂಗಡಿಯ ವೆಬ್‌ಸೈಟಿಗೆ, ನಾನು ಈಗಲೂ ಅದನ್ನೇ ಹಾಕುತ್ತೇನೆ. ಭತ್ತದ ಖರೀದಿ ಅಂಥದ್ದಲ್ಲ. ಅದನ್ನು ಹತ್ತು ಕೈ ಬರೆಯುತ್ತವೆ, ಇಬ್ಬರು ಓದುತ್ತಾರೆ, ಒಂದು ಸೊನ್ನೆ ತಪ್ಪಿದರೆ ಜಗಳ ಆಗುತ್ತದೆ.

ಆ ಸೋಲಿನ ನಂತರ ನಾನು ಯಾವ ಸಾಫ್ಟ್‌ವೇರ್ ಅನ್ನುವ ಮಾತನ್ನೇ ಮೊದಲು ಎತ್ತುವುದಿಲ್ಲ. ಗುಮಾಸ್ತರ ಪಕ್ಕ ಎರಡು ದಿನ ಕೂರುತ್ತೇನೆ. ಕಚೇರಿಯಲ್ಲಿ ಕೂತು ಊಹಿಸಲು ಆಗದ್ದು ಅಲ್ಲಿ ಸಿಗುತ್ತದೆ. ನಮ್ಮ ಕಡೆ ಭತ್ತದ ದರ ಹೇಳುವುದು 75 ಕೆ.ಜಿ. ಚೀಲಕ್ಕೆ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ. 2024–25ರಲ್ಲಿ ಸಾಮಾನ್ಯ ಭತ್ತಕ್ಕೆ ಅದು 2,300 ರೂಪಾಯಿ ಇತ್ತು, ಚೀಲದ ಲೆಕ್ಕದಲ್ಲಿ 1,725. "ದರ" ಅಂತ ಒಂದೇ ಕಾಲಂ ಇಟ್ಟರೆ ಒಬ್ಬ ಹುಡುಗ ಇದನ್ನು ತುಂಬುತ್ತಾನೆ, ಇನ್ನೊಬ್ಬ ಅದನ್ನು. ಹೆಸರಿನ ಕಥೆಯೂ ಹಾಗೇ. ಒಂದೇ ಊರಲ್ಲಿ ನಾಲ್ಕು ಜನ ಬಸವರಾಜ ಇರುತ್ತಾರೆ, ತಂದೆ ಹೆಸರಿಲ್ಲದೆ ಗುರುತು ಸಿಗದು. ಸಿಂಧನೂರಿನ ಕ್ಯಾಂಪ್‌ಗಳಲ್ಲಿ, ಅಂದರೆ ಆಂಧ್ರದಿಂದ ಬಂದವರು ನೆಲೆಸಿದ ಊರುಗಳಲ್ಲಿ, ಇರುವ ತೆಲುಗು ರೈತರಲ್ಲಿ ಮನೆತನದ ಇನಿಷಿಯಲ್ ಹೆಸರಿನ ಮುಂದೆ ಬರುತ್ತದೆ. ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಖಾನೆ ಇಟ್ಟ ರೆಡಿಮೇಡ್ ಫಾರ್ಮ್ ಇಲ್ಲಿ ನಗೆಪಾಟಲು.

ಕನ್ನಡದ ಬಗ್ಗೆಯೂ ಆಗಲೇ ಕೇಳಿಕೊಳ್ಳುವುದು ಒಳ್ಳೆಯದು. ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಹಳೆಯ ಫೈಲುಗಳು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ, ಪರಿವರ್ತಿಸದೆ ತುಂಬಿದರೆ ಇಂಗ್ಲಿಷ್ ಅಕ್ಷರಗಳ ಕಿಚಡಿ ಆಗುತ್ತದೆ. ಡೇಟಾಬೇಸ್ ಮೈಎಸ್‌ಕ್ಯೂಎಲ್ ಆದರೆ ಅಕ್ಷರ ಉಳಿಸುವ ಕ್ರಮ ಯುಟಿಎಫ್8ಎಂಬಿ4 ಇರಲಿ. ಅದರ ಹಳೆಯ ಯುಟಿಎಫ್8ನಲ್ಲಿ ಒಂದು ಅಕ್ಷರಕ್ಕೆ ಮೂರೇ ಬೈಟ್. ಕನ್ನಡ ಅಷ್ಟರಲ್ಲಿ ಹಿಡಿಸುತ್ತದೆ, ಆದರೆ ಸಾವ್ಕಾರ್ರು ಷರಾದಲ್ಲಿ ಒಂದು ಕೈಮುಗಿಯುವ ಎಮೋಜಿ ಹಾಕಿದರೆ ಅಲ್ಲಿಗೆ ಮುಗೀತು.

ಇನ್ನು ಯಾವುದನ್ನು ಆರಿಸಬೇಕು? ಪುಟವೂ ಬೇಕು, ಅಚ್ಚುಕಟ್ಟಾದ ಮಾಹಿತಿಯೂ ಬೇಕು ಅನ್ನುವವರಿಗೆ ವರ್ಡ್‌ಪ್ರೆಸ್‌ನ ಹಾಗೇ ವೆಬ್‌ಸೈಟ್ ಕಟ್ಟುವ ಡ್ರೂಪಲ್ ಹಳೆಯ ಆಸಾಮಿ. ಪ್ರತಿ ಫೀಲ್ಡಿಗೂ ಪ್ರತ್ಯೇಕ ಟೇಬಲ್ ಮಾಡುತ್ತದೆ, ಸಂಖ್ಯೆಯನ್ನು ಸಂಖ್ಯೆಯಾಗಿಯೇ ಇಡುತ್ತದೆ. ಆದರೆ 2011ರ ಡ್ರೂಪಲ್ 7ರಿಂದ 2015ರ ಡ್ರೂಪಲ್ 8ಕ್ಕೆ ಹೋಗುವುದು ಅಪ್‌ಡೇಟ್ ಆಗಿರಲಿಲ್ಲ, ಮನೆ ಬದಲಾಯಿಸಿದ ಹಾಗೆ ಇತ್ತು. ಎಷ್ಟೋ ಜನ 7ರಲ್ಲೇ ಉಳಿದರು. ಅದರ ಬೆಂಬಲದ ಕೊನೆ ದಿನ ಮುಂದೆ ಹೋಗುತ್ತಾ ಹೋಗಿ 2025ರ ಜನವರಿ 5ಕ್ಕೆ ಮುಗಿಯಿತು. ಸಣ್ಣ ಊರಿನ ಸಣ್ಣ ಗಿರಾಕಿಗೆ ಅಂಥ ಖರ್ಚು ತೋರಿಸಲು ನನಗೆ ಧೈರ್ಯ ಬರುವುದಿಲ್ಲ.

ನಮಗೆ ಬೇಕಾದ ಸಾಫ್ಟ್‌ವೇರನ್ನು ನಾವೇ ಬರೆದುಕೊಳ್ಳಲು ಚೌಕಟ್ಟು ಕೊಡುವ ಜಾಂಗೋ ನನಗೆ ಇಷ್ಟ. ಅಮೆರಿಕದ ಕಾನ್ಸಾಸ್‌ನ ಒಂದು ಪತ್ರಿಕೆಯ ಕಚೇರಿಯಲ್ಲಿ ಬೆಳೆದು 2005ರಲ್ಲಿ ಹೊರಬಂತು. ಟೇಬಲ್ ಹೇಗಿರಬೇಕು ಅಂತ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದರೆ ತುಂಬುವ, ಹುಡುಕುವ ಅಡ್ಮಿನ್ ಪುಟಗಳನ್ನು ಅದೇ ಮಾಡಿಕೊಡುತ್ತದೆ. ಗುಮಾಸ್ತರಿಗೆ ಮೊದಲ ವಾರವೇ ಮುಟ್ಟಿ ನೋಡಲು ಏನೋ ಒಂದು ಸಿಗುತ್ತದೆ, ಅಲ್ವಾ? ಅಂಥದೇ ಇನ್ನೊಂದು ಚೌಕಟ್ಟು ಲಾರವೆಲ್‌ನಲ್ಲಿ ಆ ಪುಟಗಳಿಗೆ ಫಿಲಮೆಂಟ್‌ನಂಥ ಜೋಡಣೆಯನ್ನು ಬೇರೆ ಸೇರಿಸಬೇಕು. ಲಾರವೆಲ್ ಬರೆದಿರುವುದು ವರ್ಡ್‌ಪ್ರೆಸ್‌ನ ಭಾಷೆಯಾದ ಪಿಎಚ್‌ಪಿಯಲ್ಲೇ ಆದ್ದರಿಂದ ನೋಡಿಕೊಳ್ಳುವ ಹುಡುಗರು ನಮ್ಮ ಊರಲ್ಲೇ ಸಿಗುತ್ತಾರೆ.

ಲೆಕ್ಕದ ಕೆಲಸಕ್ಕೆ ಮಾತ್ರ ನಾನು ಈಗ ಹೆಚ್ಚಾಗಿ ಒಲಿದಿರುವುದು ಫ್ರಾಪೆ ಕಡೆಗೆ. ಇದೂ ಒಂದು ಚೌಕಟ್ಟೇ, ಮುಂಬೈನಲ್ಲಿ ಹುಟ್ಟಿದ್ದು, ವ್ಯಾಪಾರದ ಲೆಕ್ಕ ನೋಡಿಕೊಳ್ಳುವ ಇಆರ್‌ಪಿನೆಕ್ಸ್ಟ್ ಸಾಫ್ಟ್‌ವೇರ್ ನಿಂತಿರುವುದು ಇದರ ಮೇಲೆಯೇ. ಒಂದೊಂದು ಬಗೆಯ ದಾಖಲೆಗೆ ಒಂದೊಂದು ಟೇಬಲ್. ಯಾರು ನೋಡಬಹುದು, ಯಾರು ತಿದ್ದಬಹುದು ಅನ್ನುವುದನ್ನು ಕೋಡ್ ಬರೆಯದೆ ಹೇಳಬಹುದು. ನನ್ನನ್ನು ಗೆದ್ದದ್ದು ಬೇರೆ ಒಂದು ಗುಣ. ಅದರಲ್ಲಿ ದಾಖಲೆಯನ್ನು ಒಮ್ಮೆ ಸಬ್‌ಮಿಟ್ ಮಾಡಿದರೆ ತೂಕ, ದರ ತಿದ್ದಲು ಬಿಡುವುದಿಲ್ಲ. ಅದನ್ನು ರದ್ದು ಮಾಡಿ ತಿದ್ದಿದ ಹೊಸದನ್ನು ಮಾಡಬೇಕು, ಹಳೆಯದೂ ಅಲ್ಲೇ ಇರುತ್ತದೆ. ಖಾತೆ ಪುಸ್ತಕದಲ್ಲೂ ಯಾರೂ ಅಳಿಸುವುದಿಲ್ಲ, ಗೆರೆ ಎಳೆದು ಪಕ್ಕದಲ್ಲಿ ಬರೆಯುತ್ತಾರೆ. ಗುಮಾಸ್ತರಿಗೆ ಇದನ್ನು ವಿವರಿಸಲು ನನಗೆ ಎರಡು ನಿಮಿಷ ಬೇಕಾಗಲಿಲ್ಲ.

ಇದಕ್ಕೂ ತೊಡಕು ಇದೆ. ಹಲವು ವೆಬ್‌ಸೈಟುಗಳು ಒಂದೇ ಸರ್ವರ್ ಹಂಚಿಕೊಳ್ಳುವ ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಇದು ಓಡುವುದಿಲ್ಲ, ಬೇರೆ ಸರ್ವರ್ ಬಾಡಿಗೆಗೆ ಹಿಡಿಯಬೇಕು. ಕೆಲವರು ಹಳೆಯ ಕಂಪ್ಯೂಟರನ್ನೇ ಮಿಲ್ಲಿನಲ್ಲಿ ಸರ್ವರ್ ಮಾಡಿ ಅನ್ನುತ್ತಾರೆ. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ಕಾಣುವ ಜಾಗದಲ್ಲೂ ಕರೆಂಟ್ ಹೋಗುತ್ತದೆ ಅಂತ ನೆನಪಿಸುತ್ತೇನೆ. ದಾಸ್ತಾನಿಗೆ ಚೀಲ ಸೇರಿತು, ರೈತನ ಖಾತೆಗೆ ಹಣ ಬರೆಯುವ ಮೊದಲೇ ಕರೆಂಟ್ ಹೋಯಿತು ಅಂದರೆ? ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಡೇಟಾಬೇಸಿನವರು ಇದಕ್ಕೆ ಟ್ರಾನ್ಸಾಕ್ಷನ್ ಅನ್ನುತ್ತಾರೆ. ಜಾಂಗೋ, ಲಾರವೆಲ್, ಫ್ರಾಪೆ ಮೂರರಲ್ಲೂ ಅದನ್ನು ಬಳಸುವುದು ಸುಲಭ. ನನ್ನ ಹಳೆಯ ವರ್ಡ್‌ಪ್ರೆಸ್ ಕೋಡಿನಲ್ಲಿ ಅದು ಇರಲೇ ಇಲ್ಲ.

ಅದೇ ಮಿಲ್ಲಿಗೆ ಕೊನೆಗೆ ಎರಡು ಭಾಗ ಮಾಡಿಕೊಟ್ಟೆ. ವೆಬ್‌ಸೈಟ್ ವರ್ಡ್‌ಪ್ರೆಸ್‌ನಲ್ಲೇ ಉಳಿಯಿತು. ಖರೀದಿ ಫ್ರಾಪೆಗೆ ಹೋಯಿತು. ಪೋಸ್ಟ್‌ಮೆಟಾದಿಂದ ಹಳೆಯ ಎರಡು ಸುಗ್ಗಿಯ ಲೆಕ್ಕ ಬಿಡಿಸಿ ತೆಗೆಯಲು ನನಗೆ ಹಿಡಿದದ್ದು ಐದು ವಾರ, ಮೊದಲು ಕಟ್ಟಿದ್ದಕ್ಕಿಂತ ಜಾಸ್ತಿ. ಆ ಐದು ವಾರಕ್ಕೆ ಬಿಲ್ ಹಾಕಲಿಲ್ಲ. ಗುಮಾಸ್ತರು ಮೊದಲ ಸುಗ್ಗಿ ಪೂರ್ತಿ ಪುಸ್ತಕದಲ್ಲೂ ಬರೆದರು, ಫ್ರಾಪೆಯಲ್ಲೂ ತುಂಬಿದರು. ಸಂಜೆ ಎರಡೂ ಮೊತ್ತ ತಾಳೆಯಾದರೆ ಮಾತ್ರ ಚಹಾ ತರಿಸುತ್ತಿದ್ದರು.