ಪದ ಪರಿಚಯ: ಹೊಣೆಗಾರಿಕೆ

ಅಪರಾಧ ಎಸಗಿದವನು ತನ್ನ ಕೃತ್ಯವನ್ನು ಒಪ್ಪಿಕೊಂಡು, ಅದರಿಂದ ಯಾರಿಗೆ ಎಂಥ ಹಾನಿಯಾಯಿತೆಂಬುದನ್ನು ಮನಗಂಡು, ಸರಿಪಡಿಸಲು ಸಾಧ್ಯವಿರುವಷ್ಟನ್ನು ಸರಿಪಡಿಸಲು ಮುಂದಾಗುವುದೇ ನ್ಯಾಯದ ಚರ್ಚೆಯಲ್ಲಿ ಬರುವ ಹೊಣೆಗಾರಿಕೆ. ಶಿಕ್ಷೆಯನ್ನು ವಿಧಿಸುವವರು ಬೇರೆಯವರು, ಕೈದಿ ಅದನ್ನು ಅನುಭವಿಸಿದರೆ ಸಾಕು. ಹೊಣೆಯನ್ನಾದರೋ ಅವನೇ ಹೊರಬೇಕು. ದಶಕಗಟ್ಟಲೆ ಸೆರೆಯಲ್ಲಿದ್ದೂ ತಾನು ಮಾಡಿದ್ದರ ಕಡೆ ತಿರುಗಿ ನೋಡದವರು ಇರುವುದು ಸಾಧ್ಯವಾಗುವುದು ಈ ಕಾರಣಕ್ಕೇ. ಅಂದಹಾಗೆ, ವಿಚಾರಣಾಧೀನ ಕೈದಿಯಿಂದ ಪಶ್ಚಾತ್ತಾಪವನ್ನು ನಿರೀಕ್ಷಿಸುವ ಅಧಿಕಾರ ಯಾರಿಗೂ ಇಲ್ಲ, ಏಕೆಂದರೆ ಆರೋಪ ರುಜುವಾತಾಗುವವರೆಗೆ ಅವನು ನಿರಪರಾಧಿ.

1974ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಎಲ್ಮೈರಾ ಎಂಬ ಊರಿನಲ್ಲಿ ಇಬ್ಬರು ಯುವಕರು ಕುಡಿದ ಅಮಲಿನಲ್ಲಿ ಒಂದೇ ರಾತ್ರಿ 22 ಕಡೆ ದಾಂಧಲೆ ನಡೆಸಿ, ವಾಹನಗಳ ಟೈರುಗಳನ್ನು ಸೀಳಿ, ಕಿಟಕಿಗಳನ್ನು ಒಡೆದಿದ್ದರು. ಇವರನ್ನು ನಷ್ಟಕ್ಕೊಳಗಾದವರ ಎದುರಿಗೇ ಕರೆದೊಯ್ಯಬೇಕೆಂಬ ಪ್ರೊಬೇಷನ್ ಅಧಿಕಾರಿಯ (ಸೆರೆಮನೆಯ ಹೊರಗಿರಿಸಿದ ಅಪರಾಧಿಗಳ ಮೇಲ್ವಿಚಾರಕನ) ಸಲಹೆಗೆ ನ್ಯಾಯಾಧೀಶರು ಒಪ್ಪಿದರು. ಯುವಕರು ಒಂದೊಂದೇ ಬಾಗಿಲು ತಟ್ಟಿ, ಇದನ್ನು ಮಾಡಿದವರು ತಾವೇ ಎಂದು ಹೇಳಿ, ಎಷ್ಟು ನಷ್ಟವಾಯಿತೆಂದು ಕೇಳಿ ತಿಳಿದು, ಕೆಲವು ತಿಂಗಳಲ್ಲಿ ಪರಿಹಾರವನ್ನೂ ತೆತ್ತರು. ಅಪರಾಧಿ ನೊಂದವರನ್ನು ಎದುರಿಸಿ ಹಾನಿಯನ್ನು ಸರಿಪಡಿಸಲು ಯತ್ನಿಸುವ, ಪುನಃಸ್ಥಾಪಕ ನ್ಯಾಯವೆಂದು ಇಂದು ಕರೆಯಲಾಗುವ ಪದ್ಧತಿಯ ಆಧುನಿಕ ಚರಿತ್ರೆಯನ್ನು ಸಾಮಾನ್ಯವಾಗಿ ಈ ಪ್ರಕರಣದಿಂದಲೇ ಆರಂಭಿಸುತ್ತಾರೆ. ಕೋರ್ಟಿನ ಕೌಂಟರಿನಲ್ಲಿ ದಂಡ ಕಟ್ಟಿ ಬರುವುದಕ್ಕಿಂತ, ಕಿಟಕಿ ಕಳೆದುಕೊಂಡವರ ಹೊಸ್ತಿಲಲ್ಲಿ ನಿಂತು ಅವರ ಮಾತು ಕೇಳಿಸಿಕೊಳ್ಳುವುದು ಬಹಳ ಕಷ್ಟದ್ದೆಂಬುದರಲ್ಲಿ ನನಗೆ ಸಂಶಯವಿಲ್ಲ.

ಹೊಣೆ ಹೊತ್ತ ಮಾತ್ರಕ್ಕೆ ಕ್ಷಮೆ ಸಿಕ್ಕೇ ಸಿಗಬೇಕೆಂದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 1995ರ ಕಾಯ್ದೆಯ ಮೂಲಕ ಸ್ಥಾಪಿತವಾದ ಸತ್ಯ ಮತ್ತು ಸಾಮರಸ್ಯ ಆಯೋಗವು, ವರ್ಣಭೇದದ ಕಾಲದಲ್ಲಿ ರಾಜಕೀಯ ಉದ್ದೇಶದಿಂದ ಅಪರಾಧ ಎಸಗಿದವರು ನಡೆದದ್ದನ್ನು ಪೂರ್ತಿಯಾಗಿ ಬಹಿರಂಗಪಡಿಸಿದರೆ ಅವರಿಗೆ ಮೊಕದ್ದಮೆಯಿಂದ ವಿನಾಯಿತಿ ಕೊಡಬಹುದಾಗಿತ್ತು. ವಿಷಾದ ವ್ಯಕ್ತಪಡಿಸಬೇಕೆಂಬ ಷರತ್ತು ಅದರಲ್ಲಿರಲಿಲ್ಲ. 7,000ಕ್ಕೂ ಹೆಚ್ಚು ಅರ್ಜಿಗಳು ಬಂದು, ಬಹುಪಾಲು ತಿರಸ್ಕೃತವಾದವು. ವಿನಾಯಿತಿ ಪಡೆದವರನ್ನು ಸಂತ್ರಸ್ತರ ಕುಟುಂಬಗಳಲ್ಲಿ ಕೆಲವು ಕ್ಷಮಿಸಿದವು, ಕೆಲವು ಕ್ಷಮಿಸಲಿಲ್ಲ. ಅವೆರಡೂ ಅವರಿಗೆ ಬಿಟ್ಟ ವಿಷಯ: ಪ್ರಭುತ್ವ ಶಿಕ್ಷೆಯನ್ನು ಮನ್ನಾ ಮಾಡಬಲ್ಲದೇ ಹೊರತು, ನೊಂದವರ ಪರವಾಗಿ ಕ್ಷಮಿಸಲಾರದು.

ನೊಂದವರಿಗಷ್ಟೇ ಸೇರಿದ ಈ ಹಕ್ಕನ್ನು ಸಾರ್ವಜನಿಕರು ತಮ್ಮದಾಗಿಸಿಕೊಂಡಾಗ ತೊಡಕು ಶುರುವಾಗುತ್ತದೆ. ಕೃತ್ಯವನ್ನು ಖಂಡಿಸಲು ಸಮಾಜಕ್ಕೆ ಧಾರಾಳವಾಗಿ ಅಧಿಕಾರವಿದೆ. ಆದರೆ ನ್ಯಾಯಾಲಯದ ಶಿಕ್ಷೆಗೆ ಸಾಮಾನ್ಯವಾಗಿ ಇಂತಿಷ್ಟು ವರ್ಷವೆಂಬ ಅವಧಿಯಿದ್ದರೆ, ಜನರ ತೀರ್ಪಿಗೆ ಅವಧಿಯೂ ಇಲ್ಲ, ಮೇಲ್ಮನವಿಯೂ ಇಲ್ಲ. ಕೈದಿ ಪಶ್ಚಾತ್ತಾಪಪಟ್ಟರೆ ನಾಟಕವೆನ್ನುವವರೇ, ಅವನು ಸುಮ್ಮನಿದ್ದರೆ ಕಲ್ಲೆದೆಯವನೆಂದೂ ಹೇಳುತ್ತಾರೆ. ಸೆರೆಮನೆ ವ್ಯವಸ್ಥೆಯ ಮೂಲ ಗುರಿ ಕೈದಿಯ ಸುಧಾರಣೆ ಮತ್ತು ಸಾಮಾಜಿಕ ಪುನರ್ವಸತಿಯೆಂದು 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 10ನೇ ವಿಧಿ ಹೇಳುತ್ತದೆ. ಬಿಡುಗಡೆಯಾದವನಿಗೆ ಕೆಲಸವನ್ನೂ ಬಾಡಿಗೆ ಮನೆಯನ್ನೂ ನಿರಾಕರಿಸುವ ಸಮಾಜದಲ್ಲಿ ಆ ಗುರಿ ಕಾಗದದಲ್ಲೇ ಉಳಿಯುತ್ತದೆ. ಬ್ರಿಟನ್ನಿನ 1974ರ ಅಪರಾಧಿಗಳ ಪುನರ್ವಸತಿ ಕಾಯ್ದೆಯು, ನಿಗದಿತ ಅವಧಿ ಕಳೆದ ಮೇಲೆ ಅನೇಕ ಬಗೆಯ ಹಳೆಯ ಶಿಕ್ಷೆಗಳನ್ನು ಉದ್ಯೋಗದಾತರಿಗೆ ತಿಳಿಸಬೇಕಿಲ್ಲವೆಂದು ಹೇಳಿ ಈ ಸಮಸ್ಯೆಯ ಒಂದು ಭಾಗವನ್ನಷ್ಟೇ ಮುಟ್ಟಿತು. ಮಕ್ಕಳೊಡನೆ ಮಾಡುವ ಕೆಲಸದಂಥ ಸೂಕ್ಷ್ಮ ಹುದ್ದೆಗಳಿಗೆ ಈ ರಿಯಾಯಿತಿ ಹಾಗೆಯೇ ಅನ್ವಯಿಸುವುದಿಲ್ಲ, ಹಾಗಿರುವುದು ಸರಿಯೂ ಹೌದು.