ಕಾಲುವೆಯ ಕೊನೆಯಿಂದ ಓದಿದ ಶಾಂತಿ ಅಧ್ಯಯನ: ಬಿಎ ಗೆಳೆಯರಿಗೆ ಟಿಪ್ಪಣಿ

ಮೊದಲ ಕಿರುಪರೀಕ್ಷೆಯಲ್ಲಿ 'ಶಾಂತಿ ಎಂದರೇನು?' ಅಂತ ಐದು ಅಂಕದ ಪ್ರಶ್ನೆ ಬಂದಿತ್ತು. 'ಯುದ್ಧ, ಜಗಳ ಇಲ್ಲದ ಸ್ಥಿತಿ' ಅಂತ ಬರೆದು, ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದು ಖುಷಿಯಿಂದ ಎದ್ದು ಬಂದೆ. ಸಿಕ್ಕಿದ್ದು ಒಂದೂವರೆ ಅಂಕ. ಯಾಕೆ ಅಂತ ಪುಸ್ತಕದಿಂದ ತಿಳಿಯಲಿಲ್ಲ. ರಜೆಗೆ ಊರಿಗೆ ಹೋದಾಗ ಮುತ್ಯಾನಿಂದ (ಅಜ್ಜನಿಂದ) ತಿಳಿಯಿತು.

ನಮ್ಮೂರು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿದೆ. ನಾರಾಯಣಪುರ ಜಲಾಶಯದಿಂದ ಬರುವ ಕಾಲುವೆ ಕವಲೊಡೆಯುತ್ತಾ ಬಂದು ನಮ್ಮ ಹೊಲದ ಹತ್ತಿರ ಮುಗಿಯುತ್ತದೆ. ಪೇಪರಿನವರು 'ಕೊನೆ ಭಾಗದ ರೈತರು' ಅಂತ ಬರೆಯುತ್ತಾರಲ್ಲ, ಅವರು ನಾವೇ. ನಾನು ಸಣ್ಣವನಿದ್ದಾಗ ನೀರು ಬಿಟ್ಟ ರಾತ್ರಿ ತೂಬಿನ ಹತ್ತಿರ ಬ್ಯಾಟರಿ ಹಿಡಿದುಕೊಂಡು ಗಲಾಟೆ ನಡೆಯುತ್ತಿತ್ತು. ಒಮ್ಮೆ ಗುದ್ದಲಿ ಕೂಡ ಎದ್ದಿತ್ತು. ಈಗ ಮೂರು ವರ್ಷದಿಂದ ಎಲ್ಲಾ ತಣ್ಣಗಿದೆ. 'ಊರಲ್ಲಿ ಜಗಳ ನಿಂತು ಹೋಗ್ಯಾದ, ಛಲೋ ಆಯ್ತಲ್ಲ ಮುತ್ಯಾ' ಅಂದೆ. ಮುತ್ಯಾ ಎಲೆಗೆ ಸುಣ್ಣ ಹಚ್ಚುತ್ತಾ, 'ಜಗಳಾಡ್ಲಾಕ ಮದಲ ನೀರರ ಬರಬೇಕಲ್ಲೋ' ಅಂದ.

ಐದು ಅಂಕದ ಉತ್ತರ ಇದೇ. ಇನ್ನು ಇದಕ್ಕೆ ಪುಸ್ತಕದ ಮಾತು ಹೊಂದಿಸೋಣ.

ಎರಡು ಬಗೆಯ ಶಾಂತಿ

ನಾರ್ವೆಯ ಯೋಹಾನ್ ಗಾಲ್ಟುಂಗ್ (1930–2024) ಈ ವಿಷಯಕ್ಕೆ ಅಡಿಪಾಯ ಹಾಕಿದವರಲ್ಲಿ ದೊಡ್ಡ ಹೆಸರು. 1959ರಲ್ಲಿ ಓಸ್ಲೋದಲ್ಲಿ ಶಾಂತಿ ಸಂಶೋಧನಾ ಸಂಸ್ಥೆ ಶುರು ಮಾಡಿದವರು ಇವರೇ. ಹೊಡೆದಾಟ ನಿಂತಿದೆ, ಅಷ್ಟೇ ಅಂದರೆ ಅದು ನಕಾರಾತ್ಮಕ ಶಾಂತಿ. ಹೊಡೆದಾಟಕ್ಕೆ ಕಾರಣವಾದ ಅನ್ಯಾಯವೂ ಕಡಿಮೆಯಾಗಿ, ಜನ ಒಬ್ಬರಿಗೊಬ್ಬರು ಸಹಕರಿಸುತ್ತಿದ್ದರೆ ಅದು ಸಕಾರಾತ್ಮಕ ಶಾಂತಿ. ಇಲ್ಲಿ ನಮ್ಮಲ್ಲಿ ಬಹಳ ಜನ ಎಡವುತ್ತಾರೆ. 'ನಕಾರಾತ್ಮಕ' ಅಂದರೆ ಕೆಟ್ಟದ್ದು ಅಂತಲ್ಲ. ಗುದ್ದಲಿ ಏಳದೇ ಇರೋದು ಒಳ್ಳೆಯದೇ. ಆದರೆ ಅಷ್ಟು ಸಾಲದು.

1969ರ ಲೇಖನದಲ್ಲಿ ಗಾಲ್ಟುಂಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮನುಷ್ಯನಿಗೆ ಸಿಗಬಹುದಾಗಿದ್ದು ಸಿಗದಂತೆ ವ್ಯವಸ್ಥೆಯೇ ತಡೆದರೆ ಅದೂ ಹಿಂಸೆ. ಇದು ರಚನಾತ್ಮಕ ಹಿಂಸೆ. (ಕೆಲವು ಪುಸ್ತಕದಲ್ಲಿ 'ಸಂರಚನಾತ್ಮಕ' ಅಂತ ಇರುತ್ತದೆ, ಗಾಬರಿ ಬೇಡ.) ಅವರ ಉದಾಹರಣೆ ಕ್ಷಯರೋಗದ್ದು. ಹದಿನೆಂಟನೇ ಶತಮಾನದಲ್ಲಿ ಕ್ಷಯದಿಂದ ಯಾರಾದರೂ ಸತ್ತರೆ ಅದನ್ನು ಹಿಂಸೆ ಅನ್ನೋದು ಕಷ್ಟ, ಔಷಧಿಯೇ ಇರಲಿಲ್ಲ. ಔಷಧಿ ಇದ್ದೂ ಇವತ್ತು ಸತ್ತರೆ ಅದು ಹಿಂಸೆ. ಹೊಡೆದವನು ಯಾರು ಅಂತ ಬೆರಳು ತೋರಿಸೋಕೆ ಆಗದಿದ್ದರೂ ಹಿಂಸೆ. 1990ರಲ್ಲಿ ಮೂರನೆಯದನ್ನು ಸೇರಿಸಿದರು: ಸಾಂಸ್ಕೃತಿಕ ಹಿಂಸೆ. ಅಂದರೆ ಮೊದಲ ಎರಡನ್ನೂ 'ಇದು ಇರೋದೇ ಹೀಗೆ' ಅನ್ನಿಸುವಂತೆ ಮಾಡುವ ಮಾತು, ನಂಬಿಕೆ, ಗಾದೆ. 'ಕೊನೆಗಿದ್ದವರ ಹಣೆಬರಹ ಅದು' ಅನ್ನೋ ಮಾತು ನಮ್ಮೂರಲ್ಲಿ ದಿನಾ ಕೇಳುತ್ತೇನೆ. ಉದಾಹರಣೆಗೆ ಬೇರೆ ಕಡೆ ಹೋಗೋದು ಬೇಡ.

ಎಬಿಸಿ ತ್ರಿಕೋನ

ಇದೂ ಗಾಲ್ಟುಂಗ್ ಅವರದ್ದೇ. ಮನೋಭಾವ, ವರ್ತನೆ, ವೈರುಧ್ಯ: ಮೂರು ಮೂಲೆ. ಇಂಗ್ಲಿಷ್ ಹೆಸರುಗಳ (ಆಟಿಟ್ಯೂಡ್, ಬಿಹೇವಿಯರ್, ಕಾಂಟ್ರಡಿಕ್ಷನ್) ಮೊದಲ ಅಕ್ಷರದಿಂದ ಎಬಿಸಿ ಆಗಿದೆ. ತೂಬಿನ ಹತ್ತಿರದ ಕೂಗಾಟ ವರ್ತನೆ, ಅದು ಕಣ್ಣಿಗೆ ಕಾಣುತ್ತದೆ. 'ಮೇಲಿನವರು ಕಳ್ಳರು', 'ಕೆಳಗಿನವರು ಸುಮ್ನೆ ತಂಟೆ ತೆಗೀತಾರೆ' ಅನ್ನೋದು ಮನೋಭಾವ. ಇರುವ ನೀರು ಕಡಿಮೆ, ಬೇಕಾದವರು ಜಾಸ್ತಿ, ಮೇಲಿದ್ದವನಿಗೆ ಮೊದಲು ಕೈಗೆ ಸಿಗುತ್ತದೆ, ಇದು ವೈರುಧ್ಯ. ಪೊಲೀಸರು ಬಂದರೆ ವರ್ತನೆ ನಿಲ್ಲುತ್ತದೆ. ಉಳಿದ ಎರಡು ಮೂಲೆ ಹಾಗೇ ಇರುತ್ತವೆ. ನಮ್ಮೂರ ಮೂರು ವರ್ಷದ ಮೌನ ಅಂಥದ್ದು. ಕೊನೆ ಭಾಗದವರು ನೀರಿನ ಆಸೆ ಬಿಟ್ಟು ಮಳೆ ನಂಬಿ ತೊಗರಿ ಹಾಕಿದರು, ಅಷ್ಟೇ.

ಪಟ್ಟು ಮತ್ತು ಗರಜು

ಇಡೀ ಪೇಪರಿನಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದ ಬರೆಯುತ್ತೇನೆ. ಪುಸ್ತಕದಲ್ಲಿ 'ನಿಲುವು' ಮತ್ತು 'ಹಿತಾಸಕ್ತಿ' ಅಂತ ಇರುತ್ತದೆ. ನಮ್ಮ ಕಡೆ ಮಾತಲ್ಲಿ ಹೇಳಿದರೆ ಪಟ್ಟು ಮತ್ತು ಗರಜು. ಬಾಯಲ್ಲಿ ಕೇಳೋದು ಪಟ್ಟು. ಅದನ್ನು ಯಾತಕ್ಕೆ ಕೇಳುತ್ತಾನೆ ಅನ್ನೋದು ಗರಜು. ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ 1981ರಲ್ಲಿ ಇದನ್ನು ಜನಪ್ರಿಯ ಮಾಡಿದರು. ಆದರೆ ಬೇರು ಇನ್ನೂ ಹಳೆಯದು. ಅಮೆರಿಕದ ಮೇರಿ ಪಾರ್ಕರ್ ಫಾಲೆಟ್ 1925ರಲ್ಲೇ ಒಂದು ಘಟನೆ ಹೇಳಿದ್ದರು. ಹಾರ್ವರ್ಡ್ ಗ್ರಂಥಾಲಯದ ಸಣ್ಣ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆದಿರಬೇಕು, ಫಾಲೆಟ್‌ಗೆ ಮುಚ್ಚಿರಬೇಕು. ಕೊನೆಗೆ ಪಕ್ಕದ ಖಾಲಿ ಕೋಣೆಯ ಕಿಟಕಿ ತೆರೆದರು. ಒಬ್ಬರಿಗೆ ಗಾಳಿ ಬೇಕಿತ್ತು, ಇನ್ನೊಬ್ಬರಿಗೆ ಗಾಳಿ ನೇರವಾಗಿ ಮೈಗೆ ಹೊಡೆಯಬಾರದಿತ್ತು. ಕಿಟಕಿ ಇಬ್ಬರ ಗರಜೂ ಆಗಿರಲಿಲ್ಲ. (ಕಲಬುರಗಿಯ ಏಪ್ರಿಲ್‌ನಲ್ಲಿ ಹಾಸ್ಟೆಲ್ ರೂಮಿನಲ್ಲಿ ಕೂತು ಇದನ್ನು ಓದಿದರೆ ನಗು ಬರುತ್ತದೆ. ಇಲ್ಲಿ ಕಿಟಕಿ ತೆಗೆದರೆ ಬರೋದು ಝಳ.)

ಇದನ್ನು ಕಾಲುವೆಗೆ ಹಚ್ಚಿ ನೋಡಿದೆ. ಮೇಲಿನ ಊರಿನವರ ಪಟ್ಟು 'ನಮ್ಮ ಗೇಟು ಇಳಿಸಬಾರದು'. ನಮ್ಮವರ ಪಟ್ಟು 'ಇಳಿಸಲೇಬೇಕು'. ಮೇಲಿನೂರಿನ ಕಾಕಾ ಒಬ್ಬರನ್ನು ಕೇಳಿದೆ, 'ಕಾಕಾ, ಭತ್ತ ಹಾಕಬಾರದು ಅಂತ ಅದ, ಮತ್ತ ಯಾಕ ಹಾಕ್ತೀರಿ?' ಅವರು ಸಿಟ್ಟಾಗಲಿಲ್ಲ. ಹೊಲ ಕಾಲುವೆಗೆ ಅಂಟಿಕೊಂಡೇ ಇದೆ, ಬಸಿ ನೀರು ನಿಲ್ಲುತ್ತದೆ, ಹತ್ತಿ ಹಾಕಿದರೆ ಕೊಳೆಯುತ್ತದೆ ಅಂದರು. ಆಮೇಲೆ ಸ್ವಲ್ಪ ತಡೆದು, 'ಚಾಲೂ-ಬಂದ್ ಅಂತಾರ. ಬಂದ್ ಆದ ನೀರ ಮತ್ತ ಹೇಳಿದ ದಿನಕ್ಕ ಬರ್ತದಂತ ಯಾರಿಗಿ ನಂಬಿಕಿ ಅದ? ಬಂದಾಗ ತುಂಬ್ಕೋಬೇಕು' ಅಂದರು. (ಚಾಲೂ-ಬಂದ್ ಅಂದರೆ ಕಾಲುವೆಗೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸೋದು.) ಅವರಿಗೆ ನೀರಿಗಿಂತ ಜಾಸ್ತಿ ಬೇಕಾಗಿದ್ದು, ಅಂದರೆ ಅವರ ಗರಜು, ನೀರು ಬಂದೇ ಬರುತ್ತದೆ ಅನ್ನೋ ಖಾತ್ರಿ. ನಮ್ಮವರ ಗರಜು ಮೆಣಸಿನಕಾಯಿಗೆ ಹೂ ಬಿಡುವ ಹೊತ್ತಿಗೆ ಎರಡು ಸಲ ನೀರು. ವರ್ಷವಿಡೀ ಅಲ್ಲ. ತಾರೀಖು ಗಟ್ಟಿಯಾದರೆ ಇಬ್ಬರಿಗೂ ಒಂದಿಷ್ಟು ಸಿಗುತ್ತದೆ. ಪಟ್ಟುಗಳ ಮೇಲೇ ಕೂತಿದ್ದರೆ ಈ ದಾರಿ ಕಾಣುತ್ತಲೇ ಇರಲಿಲ್ಲ.

ಆದರೆ ಒಂದು ಎಚ್ಚರ. ಎಲ್ಲಾ ಜಗಳಕ್ಕೂ ಪಕ್ಕದ ಕೋಣೆಯ ಕಿಟಕಿ ಇರಲ್ಲ. ಕೃಷ್ಣಾ ನದಿಯನ್ನೇ ನೋಡಿ. ಸಂವಿಧಾನದ 262ನೇ ವಿಧಿ ಮತ್ತು 1956ರ ಅಂತರರಾಜ್ಯ ನದಿ ನೀರು ವಿವಾದ ಕಾಯ್ದೆ ಪ್ರಕಾರ ಇಂಥ ವಿವಾದ ನ್ಯಾಯಮಂಡಳಿಗೆ ಹೋಗುತ್ತದೆ. 1969ರಲ್ಲಿ ರಚನೆಯಾದ ಬಚಾವತ್ ನ್ಯಾಯಮಂಡಳಿ ಲೆಕ್ಕಕ್ಕೆ ತೆಗೆದುಕೊಂಡಿದ್ದು 2,060 ಟಿಎಂಸಿ ನೀರು. ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800. ಕೂಡಿಸಿ ನೋಡಿ, ಸರಿಯಾಗಿ 2,060. ಇದು ಪಾಲು, ಹೊಸ ದಾರಿ ಹುಡುಕಿದ್ದಲ್ಲ. ಪಾಲು ಆದಮೇಲೂ ಜಗಳ ಮುಗಿಯಲಿಲ್ಲ, 2004ರಲ್ಲಿ ಎರಡನೇ ನ್ಯಾಯಮಂಡಳಿ ಬಂತು. ರಾಜ್ಯಕ್ಕೆ 700 ಟಿಎಂಸಿ ಸಿಕ್ಕಿತು ಅನ್ನೋದಕ್ಕೂ ನಮ್ಮ ತೂಬಿಗೆ ನೀರು ಬಂತು ಅನ್ನೋದಕ್ಕೂ ಎಷ್ಟು ದೂರ ಇದೆ ಅಂತ ಉತ್ತರದಲ್ಲಿ ಒಂದು ಸಾಲು ಬರೆದರೆ ಚೆನ್ನಾಗಿರುತ್ತದೆ.

ನಡುವೆ ಕೂತವರು

ಮಾತುಕತೆಯಲ್ಲಿ ಮೂರನೆಯವರು ಇರಲ್ಲ. ಮಧ್ಯಸ್ಥಿಕೆಯಲ್ಲಿ ಇರುತ್ತಾರೆ, ಆದರೆ ತೀರ್ಪು ಹೇಳಲ್ಲ, ಒಪ್ಪಂದ ಎರಡೂ ಕಡೆಯವರದ್ದೇ. ಪಂಚರ ಮುಂದೆ ಹೋದರೆ ಮೂರನೆಯವರೇ ತೀರ್ಮಾನ ಕೊಡುತ್ತಾರೆ. ಕೋರ್ಟ್ ಗೊತ್ತೇ ಇದೆ. ಕನ್ನಡ ಪುಸ್ತಕಗಳಲ್ಲಿ ನಡುವಿನ ಎರಡಕ್ಕೂ 'ಮಧ್ಯಸ್ಥಿಕೆ' ಅಂತಲೇ ಬರೆದು ತಲೆ ಕೆಡಿಸುತ್ತಾರೆ. 'ಕೊನೆ ಮಾತು ಯಾರದ್ದು?' ಅಂತ ಕೇಳಿಕೊಳ್ಳಿ, ಗೊಂದಲ ಇರಲ್ಲ. ಲೋಕ ಅದಾಲತ್ ಬಗ್ಗೆ ಎರಡೇ ಅಂಶ ಸಾಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ (ತೀರ್ಪಿನ ಆದೇಶದ) ಬೆಲೆ ಇದೆ, ಅದರ ಮೇಲೆ ಅಪೀಲು ಇಲ್ಲ. 2023ರಲ್ಲಿ ಮಧ್ಯಸ್ಥಿಕೆಗೇ ಬೇರೆ ಕಾಯ್ದೆ ಬಂದಿದೆ.

ಹಳ್ಳಿಯಲ್ಲಿ ಹಿರಿಯರು 'ನ್ಯಾಯ ಹೇಳೋದು' ಇದ್ಯಾವ ಡಬ್ಬಿಗೂ ಸರಿಯಾಗಿ ಹೊಂದಲ್ಲ. ಮೊದಲು ಸಮಾಧಾನ ಮಾಡುತ್ತಾರೆ, ಒಪ್ಪದಿದ್ದರೆ ತೀರ್ಪನ್ನೇ ಹೇಳಿಬಿಡುತ್ತಾರೆ. ಅದನ್ನು ಹೊಗಳಿ ಬರೆಯುವ ಉತ್ತರಗಳು ನನಗೆ ಸರಿ ಅನ್ನಿಸಲ್ಲ. ನಾನು ನೋಡಿದ ಒಂದು ನ್ಯಾಯದಲ್ಲಿ ಜಮೀನಿದ್ದವರು ಕಟ್ಟೆ ಮೇಲೆ ಕೂತಿದ್ದರು. ಕೂಲಿ ಬಾಕಿ ಕೇಳೋಕೆ ಬಂದವನು ಕೆಳಗೆ ಚಪ್ಪಲಿ ಪಕ್ಕ ನಿಂತಿದ್ದ. ಅರ್ಧ ಕೂಲಿಗೆ ರಾಜಿ ಆಯಿತು. ಅವನೂ 'ಆಯ್ತ್ರೀ ಯಪ್ಪಾ' ಅಂದ. ಎಲ್ಲರೂ ಚಹಾ ಕುಡಿದರು. ಒಪ್ಪಿಗೆ ಇತ್ತು ನಿಜ. ನಿಂತವನು ಕೂತವರಿಗೆ ಕೊಟ್ಟ ಒಪ್ಪಿಗೆ ಅದು. 'ಬಲದ ಅಸಮತೋಲನ' ಅನ್ನೋ ಪ್ರಶ್ನೆ ಬಂದರೆ ನನಗೆ ನೆನಪಾಗೋದು ಆ ಚಪ್ಪಲಿಗಳು.

ನಮ್ಮ ಭಾಗದ ಇತಿಹಾಸವನ್ನು ಇದರಲ್ಲಿ ತರೋದು ಹೇಗೆ

1948ರ ಸೆಪ್ಟೆಂಬರ್ 13ರಂದು, ನಮ್ಮ ಭಾಗವೂ ಸೇರಿದ್ದ ಹೈದರಾಬಾದ್ ಸಂಸ್ಥಾನದ ಮೇಲೆ ಭಾರತದ ಸೇನಾ ಕಾರ್ಯಾಚರಣೆ ಶುರುವಾಯಿತು, 17ಕ್ಕೆ ನಿಜಾಮರು ಶರಣಾದರು. ಅದಕ್ಕೇ ಸೆಪ್ಟೆಂಬರ್ 17 ನಮಗೆ ಹಬ್ಬ. ನಿಜಾಮರ ಪರ ಆಯುಧ ಹಿಡಿದಿದ್ದ ರಜಾಕಾರರ ಹಾವಳಿ ನಿಂತಿತು. ಆದರೆ ಕಾರ್ಯಾಚರಣೆಯ ಆಮೇಲೂ ಹತ್ಯೆಗಳಾದವು, ಈ ಸಲ ಸತ್ತವರಲ್ಲಿ ಮುಸ್ಲಿಮರು ಬಹಳ. ಅದನ್ನು ನೋಡಿ ಬರೋಕೆ ಹೋದ ಸುಂದರ್‌ಲಾಲ್ ಸಮಿತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಗುಲ್ಬರ್ಗ, ಬೀದರ್ ಎರಡನ್ನೂ ಹೆಸರಿಸಿತು. ಆ ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಆಳ್ವಿಕೆ ಮುಗಿದ ಮೇಲೆ, 1996ರಿಂದ ಪಾದ್ರಿ ಡೆಸ್ಮಂಡ್ ಟುಟು ನೇತೃತ್ವದ ಆಯೋಗ ಸಂತ್ರಸ್ತರನ್ನೂ ತಪ್ಪು ಮಾಡಿದವರನ್ನೂ ಜನರ ಮುಂದೆ ಕೂರಿಸಿ ಮಾತಾಡಿಸಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಬರೆದರೆ 'ಸತ್ಯ ಮತ್ತು ಸಾಮರಸ್ಯ' ಅನ್ನೋ ಘಟಕ ಅರ್ಥವಾಗುತ್ತದೆ.

ಇನ್ನೊಂದು ಎಳೆ ಹಿಂದುಳಿದಿರುವಿಕೆಯದ್ದು. 2002ರ ನಂಜುಂಡಪ್ಪ ಸಮಿತಿ ವರದಿ ಪ್ರಾದೇಶಿಕ ಅಸಮತೋಲನವನ್ನು ತಾಲ್ಲೂಕುವಾರು ಲೆಕ್ಕ ಹಾಕಿ ತೋರಿಸಿತು. 2012ರ 98ನೇ ತಿದ್ದುಪಡಿಯಿಂದ ಸಂವಿಧಾನದಲ್ಲಿ 371(ಜೆ) ವಿಧಿ ಬಂತು, ಅಂದರೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ, ಓದು ಮತ್ತು ನೌಕರಿಯಲ್ಲಿ ಮೀಸಲಾತಿ. ಬಂದೂಕು ಸುಮ್ಮನಾದ 1948ರಿಂದ ಲೆಕ್ಕ ಹಾಕಿದರೆ 64 ವರ್ಷ. ನಕಾರಾತ್ಮಕ ಶಾಂತಿಗೂ ಸಕಾರಾತ್ಮಕ ಶಾಂತಿಯ ಕಡೆ ಇಟ್ಟ ಒಂದು ಹೆಜ್ಜೆಗೂ ನಡುವಿನ ಅಂತರ ಅದು. ನಮ್ಮಲ್ಲಿ ಎಷ್ಟೋ ಜನ ಆ ಮೀಸಲಾತಿಯಲ್ಲೇ ಸೀಟು ಪಡೆದು ಇಲ್ಲಿ ಕೂತಿದ್ದೇವೆ, ಆದರೂ ಉದಾಹರಣೆ ಕೇಳಿದರೆ ಬೇರೆ ದೇಶದ್ದು ಬರೆಯುತ್ತೇವೆ.

ಸನ್ನತಿಗೆ ಒಮ್ಮೆ ಹೋಗಿ ಬನ್ನಿ. ಚಿತ್ತಾಪುರ ತಾಲ್ಲೂಕು, ಭೀಮಾ ದಂಡೆ. ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಆಗ ಅಲ್ಲಿದ್ದ ಕಲ್ಲೊಂದು ಅಶೋಕನ ಶಾಸನ ಅಂತ ಬೆಳಕಿಗೆ ಬಂತು. ಅದರಲ್ಲಿ 12ನೇ ಶಾಸನವೂ ಇದೆ. ತನ್ನ ಪಂಥವನ್ನು ಹೊಗಳಿ ಇನ್ನೊಬ್ಬರದ್ದನ್ನು ಹಳಿಯುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ, ಮಾತಿನಲ್ಲಿ ಹಿಡಿತ ಇರಲಿ ಅನ್ನೋದು ಅದರ ಸಾರ. ಎಬಿಸಿಯಲ್ಲಿ ಮನೋಭಾವದ ಮೂಲೆ ಇದೇ ಅಲ್ವಾ? ಅದೇ ಕಲ್ಲಿನ ಇನ್ನೊಂದು ಶಾಸನ ಅಧಿಕಾರಿಗಳಿಗೆ. ನ್ಯಾಯ ಮಾಡುವಾಗ ಸಿಟ್ಟು, ಅವಸರ, ಸೋಮಾರಿತನ ಬೇಡ ಅನ್ನುತ್ತದೆ.

ನಕ್ಷೆ ಬರೆಯೋ ಕೆಲಸ

ಅಸೈನ್‌ಮೆಂಟಿಗೆ ಸಂಘರ್ಷದ ನಕ್ಷೆ ಕೇಳುತ್ತಾರೆ. ಪ್ರತಿ ಪಕ್ಷಕ್ಕೆ ಒಂದು ವೃತ್ತ, ಬಲ ಜಾಸ್ತಿ ಇದ್ದವರಿಗೆ ದೊಡ್ಡದು. ಸಂಬಂಧ ಚೆನ್ನಾಗಿದ್ದರೆ ನೇರ ಗೆರೆ, ಜಗಳ ಇದ್ದರೆ ಅಂಕುಡೊಂಕು ಗೆರೆ. ನಿಜವಾದ ಹೆಸರು ಹಾಕಬೇಡಿ. ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸಿ ಕೇಳಬೇಡಿ, ಯಾರೂ ನಿಜ ಹೇಳಲ್ಲ. ಪೆನ್ಸಿಲ್‌ನಲ್ಲೇ ಬರೆಯಿರಿ.

ನಾನು ಪೆನ್ನಲ್ಲಿ ಬರೆದಿದ್ದೆ. ಮೇಲಿನೂರಿಗೆ ದೊಡ್ಡ ವೃತ್ತ, ನಮ್ಮೂರಿಗೆ ಸಣ್ಣದು, ಗೇಟು ನೋಡೋ ಮನುಷ್ಯ ನಡುವೆ, ಎರಡು ಊರ ಮಧ್ಯೆ ದಪ್ಪ ಅಂಕುಡೊಂಕು ಗೆರೆ. ಅವ್ವನಿಗೆ ತೋರಿಸಿದೆ. ರೊಟ್ಟಿ ಬಡಿಯೋದು ನಿಲ್ಲಿಸಿ ಹಿಟ್ಟಿನ ಕೈಯಲ್ಲೇ ನೋಡಿದಳು. 'ನಾ ಎಲ್ಲಿ ಅದೀನಿ ಇದ್ರಾಗ?' ಅಂದಳು. ನಮ್ಮೂರ ವೃತ್ತ ತೋರಿಸಿದೆ. 'ಅಲ್ಲೋ, ಅವರ ಗದ್ದಿಗಿ ನೀರ ಬರ್ಲಿಲ್ಲಂದ್ರ ನಾವು ಹೆಣ್ಣಮಕ್ಕಳು ಎಲ್ಲಿ ಸಸಿ ಹಚ್ಲಾಕ ಹೋಗೋದು? ನಿನ್ನ ಹಾಸ್ಟೆಲ್ ರೊಕ್ಕ ಎಲ್ಲಿಂದ ಬಂತಂತ ತಿಳಿದಿ?'

ನಮ್ಮೂರ ವೃತ್ತವನ್ನು ಎರಡು ಮಾಡಿ, ಒಂದರಿಂದ ಮೇಲಿನೂರಿಗೆ ನೇರ ಗೆರೆ ಎಳೆಯೋಕೆ ಹೊಸ ಹಾಳೆಯೇ ಬೇಕಾಯಿತು.